ಲಾಜಿಕ್ ಗೇಮ್: ನಿಯಮಗಳನ್ನೆಲ್ಲ ಬರೆದುಕೊಂಡ ಮೇಲೂ ಸಮಯ ಎಲ್ಲಿ ಸೋರುತ್ತದೆ?

ತುಂಗಾತೀರ

ಐಲೆಟ್ (ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ) ತಯಾರಿಯ ಪ್ರಶ್ನೆ. 150 ಪ್ರಶ್ನೆಗಳಲ್ಲಿ 70 ಲಾಜಿಕಲ್ ರೀಸನಿಂಗ್‌ನವು, ಇರುವುದು 120 ನಿಮಿಷ, ತಪ್ಪು ಉತ್ತರಕ್ಕೆ 0.25 ಅಂಕ ಖೋತಾ. ಅದರಲ್ಲಿ ಬರುವ ಸಾಲು ಜೋಡಿಸುವ, ಗುಂಪು ಆರಿಸುವ ಒಗಟುಗಳಿಗಾಗಿ ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನ ಹಳೆಯ ಪತ್ರಿಕೆಗಳ ಲಾಜಿಕ್ ಗೇಮ್‌ಗಳನ್ನು ಬಿಡಿಸುತ್ತಿದ್ದೇನೆ. ಅಲ್ಲಿನ ಲೆಕ್ಕ 35 ನಿಮಿಷಕ್ಕೆ 4 ಗೇಮ್, ಅಂದರೆ ಒಂದಕ್ಕೆ 8 ನಿಮಿಷ 45 ಸೆಕೆಂಡು. ಇಲ್ಲಿ ಹಿಡಿಯುತ್ತಿರುವುದು 14–15 ನಿಮಿಷ.

ಮಾದರಿಗೆ ಒಂದು ಗೇಮ್ ಹಾಕಿದ್ದೇನೆ. ಹಳೆಯ ಪತ್ರಿಕೆಯದ್ದಲ್ಲ, ಅದೇ ಅಚ್ಚಿನಲ್ಲಿ ಕಟ್ಟಿದ್ದು.

ಏಳು ದಿನದ ಸಂಗೀತೋತ್ಸವ. ದಿನಕ್ಕೊಂದರಂತೆ ಏಳು ವಾದ್ಯಗಳ ಕಛೇರಿ: ಕೊಳಲು, ಗೋಟುವಾದ್ಯ, ಜಲತರಂಗ, ನಾಗಸ್ವರ, ಪಿಟೀಲು, ಮ್ಯಾಂಡೊಲಿನ್, ವೀಣೆ.

1. ನಾಗಸ್ವರ ಮೊದಲ ದಿನ ಅಥವಾ ಕೊನೆಯ ದಿನ.
2. ಕೊಳಲಿನ ಮರುದಿನವೇ ಪಿಟೀಲು.
3. ಜಲತರಂಗಕ್ಕಿಂತ ಮೊದಲು ವೀಣೆ, ಕೊಳಲಿಗಿಂತ ಮೊದಲು ಜಲತರಂಗ.
4. ಗೋಟುವಾದ್ಯ, ಮ್ಯಾಂಡೊಲಿನ್ ಅಕ್ಕಪಕ್ಕದ ದಿನಗಳಲ್ಲಿ ಬರಕೂಡದು.
5. ನಾಗಸ್ವರ ಮೊದಲ ದಿನವಾದರೆ ಮ್ಯಾಂಡೊಲಿನ್ ಕೊನೆಯ ದಿನ.

ಪ್ರಶ್ನೆ ಅ: ಪಿಟೀಲು ಯಾವ ಯಾವ ದಿನ ಬರಬಹುದು?
ಪ್ರಶ್ನೆ ಆ: ಗೋಟುವಾದ್ಯ 6ನೇ ದಿನವಾದರೆ ಖಂಡಿತವಾಗಿ ನಿಜವಾಗುವುದು ಯಾವುದು?
ಪ್ರಶ್ನೆ ಇ: ಮ್ಯಾಂಡೊಲಿನ್ 1ನೇ ದಿನವಾದರೆ ಖಂಡಿತವಾಗಿ ನಿಜವಾಗುವುದು ಯಾವುದು?

ಪ್ರಶ್ನೆ ಅ-ಗೆ 4, 5, 6 ಅಂತ ಬರುತ್ತಿದೆ. ಉತ್ತರದಲ್ಲಿ 5 ಮತ್ತು 6 ಮಾತ್ರ ಇದೆ. ಎಲ್ಲ ಜೋಡಣೆಗಳನ್ನೂ ಬರೆದು ನೋಡುವುದೇ ದಾರಿಯಾ? ಇನ್ನೊಂದು ತೊಡಕು ಗುಂಪಿನ ಗೇಮ್‌ಗಳದ್ದು. ಓನ್ಲಿ ಇಫ್, ಅನ್‌ಲೆಸ್ ಬಂದ ಕಡೆಯೆಲ್ಲ, ‘ಇದಾದರೆ ಅದು’ ಅಂತ ಹಾಕುವ ಬಾಣ ಉಲ್ಟಾ ಆಗುತ್ತಿದೆ. ಎಲ್‌ಸ್ಯಾಟ್‌ನಲ್ಲೇ ಈ ಭಾಗ ತೆಗೆದರಂತಲ್ಲ, ಹಾಗಿದ್ದ ಮೇಲೆ ಇವನ್ನು ಬಿಡಿಸುವುದು ದಂಡವಾ?

---

ಕರಿಹಲಗೆ

ಎಲ್ಲ ಜೋಡಣೆ ಬರೆಯುವುದು ದಾರಿಯಲ್ಲ. ಒಂದೂ ಬರೆಯದೆ ಪ್ರಶ್ನೆಗೆ ಹಾರುವುದೂ ದಾರಿಯಲ್ಲ. ನಿಮ್ಮ 14 ನಿಮಿಷದಲ್ಲಿ ಬಹುಪಾಲು ಹೋಗುತ್ತಿರುವುದು ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಶುರು ಮಾಡುವುದರಲ್ಲಿ.

ಬ್ಯಾಂಕ್ ಪರೀಕ್ಷೆಯ ಸೀಟಿಂಗ್ ಪಜಲ್ ಮಾಡಿ ಬಂದವರಿಗೆ ಇದು ಹೆಚ್ಚು. ಅಲ್ಲಿ ಸಾಮಾನ್ಯವಾಗಿ ಕೊನೆಗೆ ಒಂದೇ ಜೋಡಣೆ ಉಳಿಯುತ್ತದೆ, ಅದು ಸಿಕ್ಕಿದರೆ ಐದೂ ಪ್ರಶ್ನೆ ಮುಗಿದ ಹಾಗೆ. ಲಾಜಿಕ್ ಗೇಮ್ ಬೇಕೆಂದೇ ಸಡಿಲವಾಗಿರುತ್ತದೆ. ನಿಮ್ಮ ಗೇಮ್‌ನಲ್ಲೇ 15 ಜೋಡಣೆಗಳಿವೆ. ಪ್ರಶ್ನೆ ಕೇಳುವುದು ಆ 15ರಲ್ಲೂ ಬದಲಾಗದ್ದು ಯಾವುದು, ಒಂದರಲ್ಲಾದರೂ ಆಗುವಂಥದ್ದು ಯಾವುದು ಅಂತ. ಹುಡುಕಬೇಕಾದ್ದು ಅಲುಗಾಡದ ಗೂಟವನ್ನು.

ಮೊದಲು ಏಳು ಮನೆ ಎಳೆಯಿರಿ, ಕೆಳಗೆ 1ರಿಂದ 7 ಬರೆಯಿರಿ. ವಾದ್ಯಗಳಿಗೆ ಮೊದಲ ಅಕ್ಷರ ಸಾಕು: ಕೊ, ಗೋ, ಜ, ನಾ, ಪಿ, ಮ್ಯಾ, ವೀ. ನಿಯಮಗಳನ್ನು ವಾಕ್ಯವಾಗಿ ಅಲ್ಲ, ಚಿತ್ರವಾಗಿ ಬರೆಯಬೇಕು. 2ನೇ ನಿಯಮ ಒಂದು ಡಬ್ಬಿ, ಒಳಗೆ ಕೊಪಿ. 3ನೇ ನಿಯಮ ಅದಕ್ಕೆ ಅಂಟಿಕೊಳ್ಳುತ್ತದೆ:

ವೀ … ಜ … [ಕೊಪಿ]

ಎರಡು ನಿಯಮಗಳಲ್ಲಿ ಒಂದೇ ಅಕ್ಷರ ಕಾಣಿಸಿದರೆ ಆ ಎರಡನ್ನು ಬೇರೆ ಬೇರೆ ಬಿಡಬಾರದು, ಅಲ್ಲೇ ಹೊಲಿದುಬಿಡಿ. ಏಳು ವಾದ್ಯಗಳಲ್ಲಿ ನಾಲ್ಕು ಈಗ ಒಂದೇ ಸರಪಳಿಯಲ್ಲಿವೆ. ಉಳಿದದ್ದು ನಾ, ಗೋ, ಮ್ಯಾ.

ಆಮೇಲೆ ಹೆಚ್ಚು ಬಿಗಿಯಾದ ನಿಯಮ ಹಿಡಿಯಿರಿ. ಇಲ್ಲಿ ಅದು 1ನೆಯದು, ನಾಗಸ್ವರಕ್ಕೆ ಎರಡೇ ಮನೆ. ಎರಡು ಸಾಲು ಎಳೆಯಿರಿ.

ಮೊದಲ ಸಾಲು: ನಾ 1ರಲ್ಲಿ. 5ನೇ ನಿಯಮದಿಂದ ಮ್ಯಾ 7ರಲ್ಲಿ. ನಡುವೆ 2ರಿಂದ 6, ಐದು ಮನೆ. ಅಲ್ಲಿಗೆ ಸರಪಳಿಯ ನಾಲ್ಕು ಮತ್ತು ಗೋ. ಗೋ 6ಕ್ಕೆ ಬಂದರೆ 7ರ ಮ್ಯಾ ಪಕ್ಕ ಕೂತಂತಾಗುತ್ತದೆ, 4ನೇ ನಿಯಮ ಬಿಡುವುದಿಲ್ಲ. ಹಾಗಾಗಿ ಗೋ ಡಬ್ಬಿಗಿಂತ ಮುಂಚೆಯೇ ಎಲ್ಲೋ ಇರಬೇಕು, ಡಬ್ಬಿ 5–6ರಲ್ಲಿ ಕೂತುಬಿಟ್ಟಿತು. ಈ ಸಾಲಿನಲ್ಲಿ ಮೂರೇ ಜೋಡಣೆ:

ನಾ ಗೋ ವೀ ಜ ಕೊ ಪಿ ಮ್ಯಾ
ನಾ ವೀ ಗೋ ಜ ಕೊ ಪಿ ಮ್ಯಾ
ನಾ ವೀ ಜ ಗೋ ಕೊ ಪಿ ಮ್ಯಾ

ಎರಡನೇ ಸಾಲು: ನಾ 7ರಲ್ಲಿ. 1ರಿಂದ 6ರಲ್ಲಿ ಸರಪಳಿ, ಗೋ, ಮ್ಯಾ. ಸರಪಳಿಯಲ್ಲಿ ನಾಲ್ಕು ಸಂದುಗಳಿವೆ: ವೀ ಮುಂಚೆ, ವೀ–ಜ ನಡುವೆ, ಜ–ಕೊ ನಡುವೆ, ಪಿ ಆದಮೇಲೆ. ಗೋ ಮತ್ತು ಮ್ಯಾ ಒಂದೇ ಸಂದಿಗೆ ಹೋದರೆ ಅಕ್ಕಪಕ್ಕ ಆಗಿಬಿಡುತ್ತವೆ. ಆದ್ದರಿಂದ ಬೇರೆ ಬೇರೆ ಸಂದು: 4 × 3 = 12. ಅವನ್ನು ಬರೆಯಬೇಡಿ, ಸಂದು ಗೊತ್ತಿದ್ದರೆ ಸಾಕು.

ಪಿಟೀಲು 4ಕ್ಕೆ ಯಾಕೆ ಬರುವುದಿಲ್ಲ ಅಂತ ಇಲ್ಲಿಂದಲೇ ಗೊತ್ತಾಗುತ್ತದೆ. ಪಿ 4ರಲ್ಲಿ ಇರಬೇಕಾದರೆ ವೀ ಜ ಕೊ ಪಿ ಮೊದಲ ನಾಲ್ಕು ಮನೆ ತುಂಬಬೇಕು, ಗೋ ಮತ್ತು ಮ್ಯಾ 5, 6ಕ್ಕೆ ತಳ್ಳಲ್ಪಟ್ಟು ಅಕ್ಕಪಕ್ಕ ಕೂರುತ್ತವೆ. ನೀವು 2, 3ನೇ ನಿಯಮ ನೋಡಿ 4 ಸರಿ ಅಂದಿರಿ, 4ನೇ ನಿಯಮವನ್ನು ಆ ಹೊತ್ತಿಗೆ ಮರೆತಿರಿ. ಬೇಡ ಅನ್ನುವ ನಿಯಮಗಳು ಚಿತ್ರದಲ್ಲಿ ಜಾಗ ತುಂಬುವುದಿಲ್ಲ, ಅದಕ್ಕೇ ಮೊದಲು ಮರೆಯುವುದು ಅವನ್ನೇ. ಬರೆಯುವಾಗಲೇ ಗೋಮ್ಯಾ, ಮ್ಯಾಗೋ ಎರಡನ್ನೂ ಬರೆದು ಮೇಲೆ ಗೀಟು ಹೊಡೆದಿಡಿ, ಕಣ್ಣಿಗೆ ಬೀಳುತ್ತಿರಲಿ.

ಪ್ರಶ್ನೆ ಆ: ಗೋ 6. ಮೊದಲ ಸಾಲಿನಲ್ಲಿ 6 ಪಿಟೀಲಿನದು, ಹಾಗಾಗಿ ಎರಡನೇ ಸಾಲು, ನಾ 7. ಗೋ ಕೊನೆಯ ಸಂದಿನಲ್ಲಿ ಇದೆ, ಮ್ಯಾ ಮೊದಲ ಮೂರು ಸಂದುಗಳಲ್ಲಿ ಎಲ್ಲಾದರೂ. ಹೇಗಾದರೂ ಡಬ್ಬಿ 4–5. ಕೊಳಲು 4ನೇ ದಿನ, ಪಿಟೀಲು 5ನೇ ದಿನ ಅನ್ನುವುದು ಖಂಡಿತ.

ಪ್ರಶ್ನೆ ಇ: ಮ್ಯಾ 1 ಅಂದರೆ ನಾ 1 ಅಲ್ಲ, ಎರಡನೇ ಸಾಲು. ಗೋ ವೀಣೆಗಿಂತ ಮುಂಚೆ ಬರಲಾರದು, ಆ ಸಂದು ಮ್ಯಾಂಡೊಲಿನ್ ಹಿಡಿದಿದೆ. ವೀಣೆ 2ನೇ ದಿನ. ಪ್ರತಿಯೊಂದಕ್ಕೂ 30 ಸೆಕೆಂಡು ಬೇಕಿಲ್ಲ.

---

ಹೊರಮನೆ

ಬಾಣ ಉಲ್ಟಾ ಆಗುವುದರ ಬಗ್ಗೆ ನಾನು ಬರೆಯುತ್ತೇನೆ, ಅದಕ್ಕೆ ಕನ್ನಡದ್ದೇ ಒಂದು ಕಾರಣವಿದೆ.

ಇಂಗ್ಲಿಷಿನ ಓನ್ಲಿ ಇಫ್ ಓದಿದ ತಕ್ಷಣ ನಮ್ಮ ತಲೆ ಅದನ್ನು ‘ಇದ್ದರೆ ಮಾತ್ರ’ ಅಂತ ತಿರುಗಿಸಿಕೊಳ್ಳುತ್ತದೆ. ಅನುವಾದ ಸರಿಯೇ. ಆದರೆ ಕನ್ನಡದಲ್ಲಿ ‘-ದರೆ’ ಕಂಡ ಕಡೆಯೆಲ್ಲ ಅದನ್ನು ಬಾಣದ ಬುಡದಲ್ಲಿ ಇಡುವ ಅಭ್ಯಾಸ. ಮಳೆ ಬಂದರೆ ನೆಲ ಒದ್ದೆ: ಮಳೆ → ಒದ್ದೆ. ಇಲ್ಲಿ ‘-ದರೆ’ ಬುಡ. ‘ಕುಂಬಳ ಇದ್ದರೆ ಮಾತ್ರ ಹಾಗಲ’ ಅನ್ನುವುದರಲ್ಲಿ ‘-ದರೆ’ ಕುಂಬಳಕ್ಕೆ ಅಂಟಿದೆ, ಆದರೆ ಕುಂಬಳ ಇರುವುದು ಬಾಣದ ತುದಿಯಲ್ಲಿ. ಹಾಗಲ → ಕುಂಬಳ. ಕುಂಬಳ ಹಾಕಿದ ಮಾತ್ರಕ್ಕೆ ಹಾಗಲ ಹಾಕಲೇಬೇಕು ಅಂತ ಯಾರೂ ಹೇಳಿಲ್ಲ; ಹಾಗಲ ಕಂಡಿತೋ, ಕುಂಬಳ ಇದ್ದೇ ಇದೆ ಅಷ್ಟೇ. ‘ಮಾತ್ರ’ ಅಥವಾ ‘ಇದ್ದರಷ್ಟೇ’ ಬಂದಾಗಲೆಲ್ಲ ಅದರ ಪಕ್ಕದ ಪದ ಬಾಣದ ತುದಿಗೆ. ಒಂದು ಹತ್ತು ವಾಕ್ಯ ಹೀಗೆ ಬರೆದು ಅಭ್ಯಾಸ ಮಾಡಿದರೆ ಕೈಗೆ ಕೂರುತ್ತದೆ.

ಅನ್‌ಲೆಸ್‌ಗೆ ಕನ್ನಡ ನಿಜಕ್ಕೂ ಸಹಾಯಕ್ಕೆ ಬರುತ್ತದೆ. ‘ಬದನೆ ಹಾಕದ ಹೊರತು ತೊಂಡೆ ಹಾಕುವುದಿಲ್ಲ.’ ‘ಹಾಕದ’ ಅನ್ನುವುದರಲ್ಲೇ ನಿಷೇಧ ಕೂತಿದೆ, ಬೇರೆ ಸೂತ್ರ ಬೇಕಿಲ್ಲ. ಬದನೆ ಇಲ್ಲ → ತೊಂಡೆ ಇಲ್ಲ. ಇದನ್ನು ದೋಸೆ ಮಗುಚಿದ ಹಾಗೆ ಮಗುಚಿ: ಬದಿ ಅದಲುಬದಲು, ಎರಡಕ್ಕೂ ‘ಇಲ್ಲ’ ಸೇರಿಸಿ ಅಥವಾ ಇದ್ದದ್ದನ್ನು ತೆಗೆಯಿರಿ. ತೊಂಡೆ → ಬದನೆ. ಎರಡು ಕೆಲಸವೂ ಒಟ್ಟಿಗೆ ಆಗಬೇಕು. ಬದಿ ಮಾತ್ರ ಬದಲಿಸಿದರೆ ತಪ್ಪು, ‘ಇಲ್ಲ’ ಮಾತ್ರ ಸೇರಿಸಿದರೂ ತಪ್ಪು. ಆಯ್ಕೆಗಳಲ್ಲಿ ಈ ಎರಡು ತಪ್ಪುಗಳಿಗೂ ಒಂದೊಂದು ಬಲೆ ಹಾಕಿಟ್ಟಿರುತ್ತಾರೆ.

ಗುಂಪಿನ ಗೇಮ್ ಒಂದನ್ನು ಪೂರ್ತಿ ನೋಡೋಣ. ಏಳು ತರಕಾರಿ: ಬದನೆ, ನುಗ್ಗೆ, ಕುಂಬಳ, ಸೌತೆ, ಹಾಗಲ, ತೊಂಡೆ, ಮೂಲಂಗಿ. ಸರಿಯಾಗಿ ನಾಲ್ಕನ್ನು ಆರಿಸಬೇಕು. (ಹಾಗಲ, ಕುಂಬಳ ಒಟ್ಟಿಗೆ ಹಾಕಿ ಹುಳಿ ಮಾಡುವುದು ಎಂಥ ರುಚಿ ಅಂತ ಕೇಳಬೇಡಿ, ಗೇಮ್ ಕಟ್ಟುವವರಿಗೆ ನಾಲಿಗೆ ಇರುವುದಿಲ್ಲ.)

ಕುಂಬಳ ಇದ್ದರೆ ಮಾತ್ರ ಹಾಗಲ. ಬದನೆ ಹಾಕದ ಹೊರತು ತೊಂಡೆ ಇಲ್ಲ. ನುಗ್ಗೆ ಹಾಕಿದರೆ ಕುಂಬಳ ಹಾಕಕೂಡದು. ಸೌತೆ, ಮೂಲಂಗಿ ಎರಡನ್ನೂ ಒಟ್ಟಿಗೆ ಹಾಕಕೂಡದು.

ಬಾಣಗಳು: ಹಾ → ಕು. ತೊ → ಬ. ನು → ಕು ಇಲ್ಲ. ಸೌ → ಮೂ ಇಲ್ಲ.

ಮೊದಲನೆಯದನ್ನು ಮಗುಚಿದರೆ ಕು ಇಲ್ಲ → ಹಾ ಇಲ್ಲ. ಅದನ್ನು ಮೂರನೆಯದಕ್ಕೆ ಹೊಲಿದರೆ ನು → ಕು ಇಲ್ಲ → ಹಾ ಇಲ್ಲ. ಇಷ್ಟು ಎಲ್ಲರೂ ಮಾಡುತ್ತಾರೆ. ಮಾಡದೆ ಬಿಡುವುದು ಹೊರಗಿನ ಮನೆ ಎಣಿಸುವುದು. ಏಳರಲ್ಲಿ ನಾಲ್ಕು ಒಳಗೆ ಅಂದರೆ ಹೊರಗೆ ಸರಿಯಾಗಿ ಮೂರು ಮನೆ. ನುಗ್ಗೆ, ಕುಂಬಳದಲ್ಲಿ ಒಂದಾದರೂ ಹೊರಗೆ. ಸೌತೆ, ಮೂಲಂಗಿಯಲ್ಲಿ ಒಂದಾದರೂ ಹೊರಗೆ. ಹೆಸರು ಗೊತ್ತಿಲ್ಲದಿದ್ದರೂ ಎರಡು ಮನೆ ಬುಕ್ ಆದವು, ಖಾಲಿ ಉಳಿದದ್ದು ಒಂದೇ.

ಈಗ ಬದನೆ ಹೊರಗೆ ಹೋದರೆ ತೊಂಡೆಯೂ ಅದರ ಹಿಂದೆ ಹೋಗುತ್ತದೆ. ಎರಡಕ್ಕೆ ಒಂದು ಮನೆ, ಸಾಲದು. ಹಾಗಾಗಿ ಬದನೆ ಯಾವಾಗಲೂ ಒಳಗೆ. ಒಂದೂ ಪ್ರಶ್ನೆ ಓದುವ ಮೊದಲೇ ಇದು ನಮ್ಮ ಕೈಯಲ್ಲಿದೆ.

ನುಗ್ಗೆ ಒಳಗಿದ್ದರೆ? ಕುಂಬಳ, ಹಾಗಲ ಹೊರಗೆ, ಸೌತೆ–ಮೂಲಂಗಿಯಲ್ಲಿ ಒಂದು ಹೊರಗೆ, ಮೂರೂ ಭರ್ತಿ. ತೊಂಡೆ ಒಳಗೆ ಬರಲೇಬೇಕು. ನಿಯಮಗಳಲ್ಲಿ ನುಗ್ಗೆಗೂ ತೊಂಡೆಗೂ ಸಂಬಂಧವೇ ಇಲ್ಲ, ಆದರೂ ನು → ತೊ ನಿಜ. ಮಗುಚಿದರೆ, ತೊಂಡೆ ಇಲ್ಲದಿದ್ದರೆ ನುಗ್ಗೆ ಇಲ್ಲ. ತೊಂಡೆ ಹೊರಗೆ ಅಂತ ಪ್ರಶ್ನೆ ಬಂದರೆ ಕೊನೆಯ ಮನೆ ಅದಕ್ಕೇ ಮುಗಿಯಿತು, ಹಾಗಲ ಒಳಗೆ, ಅದರ ಹಿಂದೆ ಕುಂಬಳ ಒಳಗೆ, ನುಗ್ಗೆ ಹೊರಗೆ. ಕಠಿಣ ಅನಿಸುವ ಪ್ರಶ್ನೆಗಳೆಲ್ಲ ಹೊರಗಿನ ಲೆಕ್ಕದಲ್ಲೇ ಬಿಡಿಸಿಕೊಳ್ಳುತ್ತವೆ. ಬಾಣ ಮಾತ್ರ ನೋಡುತ್ತಾ ಕೂತರೆ ಈ ನು → ತೊ ಕಾಣುವುದೇ ಇಲ್ಲ.

---

ಗಡಿಯಾರದ ಮುಳ್ಳು

ಕರಿಹಲಗೆ ಅವರ ಎರಡು ಸಾಲಿನ ವಿಧಾನಕ್ಕೆ ಒಂದು ಎಚ್ಚರಿಕೆ. ಈ ಗೇಮ್‌ನಲ್ಲಿ ಅದು ಚೆನ್ನಾಗಿ ಕೂತಿತು, ಯಾಕೆಂದರೆ ನಾಗಸ್ವರ 1ಕ್ಕೆ ಹೋದ ತಕ್ಷಣ ಮ್ಯಾಂಡೊಲಿನ್ನನ್ನೂ ಎಳೆದುಕೊಂಡು ಹೋಯಿತು. ಎರಡೇ ದಾರಿ ಇರುವ ನಿಯಮ ಸಿಕ್ಕ ಮಾತ್ರಕ್ಕೆ ಸೀಳಬೇಡಿ. ಸೀಳಿದ ಕಡೆ ಇನ್ನೊಂದು ಅಕ್ಷರ ತಾನಾಗಿ ಕೂರಬೇಕು, ಆಗ ಮಾತ್ರ ಲಾಭ. ‘ಪಿಟೀಲು 5 ಅಥವಾ 6’ ಅಂತ ಇನ್ನೊಮ್ಮೆ ಸೀಳಿದರೆ ನಾಲ್ಕು ಸಾಲು, ಅದರಲ್ಲಿ ಒಂದು ಖಾಲಿ, ಬಂದದ್ದು ಏನೂ ಇಲ್ಲ. ಮೂರಕ್ಕಿಂತ ಹೆಚ್ಚು ಸಾಲು ಆಗುವ ಹಾಗಿದ್ದರೆ ಸುಮ್ಮನೆ ಪ್ರಶ್ನೆಗೆ ಹೋಗಿ. ಹೀಗೆ ಸೀಳಿ ಸೀಳಿ 6 ನಿಮಿಷ ಚಿತ್ರಕ್ಕೇ ಕಳೆಯುವುದು ಇನ್ನೊಂದು ಬಗೆಯ ಚಟ.

ಎಲ್‌ಸ್ಯಾಟ್ ಅಳತೆಯಲ್ಲಿ 8 ನಿಮಿಷ 45 ಸೆಕೆಂಡನ್ನು ಹೀಗೆ ಹಂಚಿ: ಓದಿ ನಿಯಮ ಬರೆಯಲು 1.5 ನಿಮಿಷ, ಹೊಲಿದು ಎಳೆ ತೆಗೆಯಲು 1.5ರಿಂದ 2 ನಿಮಿಷ, ಉಳಿದದ್ದು 5ರಿಂದ 7 ಪ್ರಶ್ನೆಗಳಿಗೆ. ಚಿತ್ರ ಚೆನ್ನಾಗಿದ್ದರೆ ಪ್ರಶ್ನೆಗೆ 40–50 ಸೆಕೆಂಡು ಸಾಕು. ಐಲೆಟ್‌ನಲ್ಲಿ ಇಷ್ಟೂ ಸಿಗುವುದಿಲ್ಲ, 150 ಪ್ರಶ್ನೆಗೆ 120 ನಿಮಿಷ ಅಂದರೆ ಸರಾಸರಿ 48 ಸೆಕೆಂಡು, ಓದುವುದೂ ಸೇರಿ. ಹಾಗಾಗಿ ಒಗಟಿನ ಹಿಂದೆ ಎಷ್ಟು ಪ್ರಶ್ನೆ ಇವೆ ಅಂತ ಮೊದಲು ನೋಡಿ. ಒಂದೇ ಪ್ರಶ್ನೆಗೆ ಏಳು ಸಾಲಿನ ನಿಯಮ ಇದ್ದರೆ ಕೊನೆಗೆ ಇಡಿ. ನಾಲ್ಕೈದು ಪ್ರಶ್ನೆ ಇದ್ದರೆ ಚಿತ್ರಕ್ಕೆ ಕೊಟ್ಟ ಸಮಯ ವಾಪಸು ಬರುತ್ತದೆ.

ಪ್ರಶ್ನೆಗಳ ಕ್ರಮವನ್ನೂ ಬದಲಿಸಿ. ‘ಈ ಕೆಳಗಿನ ಯಾವ ಜೋಡಣೆ ಸಾಧ್ಯ’ ಅನ್ನುವುದು ಮೊದಲು. ಅದರಲ್ಲಿ ಒಂದೊಂದು ಆಯ್ಕೆಯನ್ನು ಹಿಡಿದು ಐದು ನಿಯಮಗಳಿಗೆ ಹೋಲಿಸುವುದು ನಿಧಾನ. ತಿರುಗಿಸಿ ಮಾಡಿ, ಒಂದು ನಿಯಮ ಹಿಡಿದು ಎಲ್ಲ ಆಯ್ಕೆಗಳ ಮೇಲೆ ಕಣ್ಣಾಡಿಸಿ. ಮೇಲಿನ ಗೇಮ್‌ಗೆ:

(1) ನಾ ವೀ ಜ ಕೊ ಪಿ ಗೋ ಮ್ಯಾ
(2) ವೀ ಜ ಗೋ ಕೊ ಪಿ ನಾ ಮ್ಯಾ
(3) ನಾ ಮ್ಯಾ ವೀ ಗೋ ಜ ಕೊ ಪಿ
(4) ಗೋ ಜ ವೀ ಮ್ಯಾ ಕೊ ಪಿ ನಾ
(5) ವೀ ಗೋ ಜ ಮ್ಯಾ ಕೊ ಪಿ ನಾ

ನಾಗಸ್ವರ ತುದಿಯಲ್ಲಿಲ್ಲದ್ದು (2), ಹೋಯಿತು. ಕೊಪಿ ಎಲ್ಲದರಲ್ಲೂ ಸರಿ ಇದೆ. ವೀಣೆ ಜಲತರಂಗದ ಹಿಂದೆ ಬಿದ್ದದ್ದು (4). ಗೋಮ್ಯಾ ಅಂಟಿಕೊಂಡದ್ದು (1). ನಾ 1ರಲ್ಲಿದ್ದೂ ಮ್ಯಾ 7ರಲ್ಲಿಲ್ಲದ್ದು (3). ಉಳಿದದ್ದು (5), ಅದನ್ನು ಪರೀಕ್ಷಿಸುವುದೇ ಬೇಡ. ಇಡೀ ಪ್ರಶ್ನೆ 25 ಸೆಕೆಂಡಿನದು.

ಎರಡನೆಯದಾಗಿ, ‘ಹೀಗಾದರೆ’ ಅಂತ ಹೊಸ ಷರತ್ತು ಕೊಡುವ ಪ್ರಶ್ನೆಗಳು. ಪ್ರತಿಯೊಂದಕ್ಕೂ ಹೊಸ ಚಿಕ್ಕ ಸಾಲು ಬರೆಯಿರಿ, ಮೂಲ ಚಿತ್ರದ ಮೇಲೆ ಗೀಚಬೇಡಿ. ಆ ಷರತ್ತು ಆ ಪ್ರಶ್ನೆಗೆ ಮಾತ್ರ, ಮುಂದಿನದಕ್ಕೆ ಇಲ್ಲ. ಇದನ್ನು ಮರೆತು ಹಿಂದಿನ ಪ್ರಶ್ನೆಯ ಷರತ್ತು ಇಟ್ಟುಕೊಂಡೇ ಮುಂದೆ ಹೋಗುವುದು ತೀರಾ ಸಾಮಾನ್ಯ.

ಷರತ್ತಿಲ್ಲದ ‘ಯಾವುದು ಸಾಧ್ಯ’, ‘ಯಾವುದು ಖಂಡಿತ’ ಪ್ರಶ್ನೆಗಳನ್ನು ಕೊನೆಗೆ. ಅಷ್ಟು ಹೊತ್ತಿಗೆ ನಾಲ್ಕಾರು ಸರಿಯಾದ ಜೋಡಣೆ ಪುಟದ ಮೇಲಿರುತ್ತವೆ. ‘ಜಲತರಂಗ 3ನೇ ದಿನ ಸಾಧ್ಯವೇ’ ಅಂದರೆ (5)ರಲ್ಲೇ ಇದೆ, ಹುಡುಕುವ ಕೆಲಸವಿಲ್ಲ. ‘ಖಂಡಿತ’ದ ಪ್ರಶ್ನೆಯಲ್ಲಿ ಹಳೆಯ ಜೋಡಣೆಗಳಲ್ಲಿ ಒಂದು ಕಡೆ ಸುಳ್ಳಾದರೂ ಆ ಆಯ್ಕೆ ಔಟ್. ಹಾಗಂತ ಬರೆದ ನಾಲ್ಕರಲ್ಲೂ ನಿಜವಾಗಿದೆ ಅಂದ ಮಾತ್ರಕ್ಕೆ ಖಂಡಿತ ಆಗುವುದಿಲ್ಲ, ಐದನೆಯದೊಂದು ಎಲ್ಲೋ ಕೂತಿರಬಹುದು.

ಎಕ್ಸೆಪ್ಟ್ ಕಂಡರೆ ಪ್ರಶ್ನೆಯನ್ನು ತಿರುವಿ ಅಂಚಿನಲ್ಲಿ ಬರೆದುಕೊಳ್ಳಿ. ‘ಇವೆಲ್ಲ ಸಾಧ್ಯ, ಒಂದರ ಹೊರತು’ ಅಂದರೆ ಹುಡುಕಬೇಕಾದ್ದು ಸಾಧ್ಯವೇ ಇಲ್ಲದ್ದು. ‘ಇವೆಲ್ಲ ಖಂಡಿತ, ಒಂದರ ಹೊರತು’ ಅಂದರೆ ಸುಳ್ಳಾಗಬಹುದಾದದ್ದು, ಸುಳ್ಳೇ ಆಗಿರಬೇಕಿಲ್ಲ. ಈ ಎರಡನೆಯದರಲ್ಲಿ ಜಾಣರೂ ಜಾರುತ್ತಾರೆ.

---

ತುಂಗಾತೀರ

ಸಂದು ಎಣಿಸುವುದು, ಹೊರಗಿನ ಮನೆ ಎರಡೂ ಅರ್ಥವಾಯಿತು. ಒಂದು ಅನುಮಾನ. ಮಗುಚುವಾಗ ಬದಿ ಮಾತ್ರ ಬದಲಿಸಿದರೆ ತಪ್ಪು ಅಂದಿರಿ. ಆದರೆ ವಾದ್ಯದ ಗೇಮ್‌ನಲ್ಲಿ 5ನೇ ನಿಯಮವನ್ನು ‘ಮ್ಯಾಂಡೊಲಿನ್ 7 ಆದರೆ ನಾಗಸ್ವರ 1’ ಅಂತ ಬಳಸಿದರೂ ಎಲ್ಲ ಉತ್ತರ ಸರಿ ಬರುತ್ತಿದೆ. ಇದು ಹೇಗೆ?

---

ಕರಿಹಲಗೆ

ಸರಿ ಬರುತ್ತದೆ, ಆದರೆ 5ನೇ ನಿಯಮದ ಪುಣ್ಯದಿಂದ ಅಲ್ಲ. ಮ್ಯಾಂಡೊಲಿನ್ 7ನೇ ಮನೆ ಹಿಡಿದರೆ ನಾಗಸ್ವರಕ್ಕೆ 7 ಇಲ್ಲ, 1ನೇ ನಿಯಮದ ಪ್ರಕಾರ ಉಳಿದದ್ದು 1. ಅಂದರೆ ಅದು ಮನೆ ಖಾಲಿ ಇಲ್ಲದ್ದರಿಂದ ಬಂದ ಫಲ. 5ನೇ ನಿಯಮ ‘ನಾಗಸ್ವರ 1 ಆದರೆ ಮ್ಯಾಂಡೊಲಿನ್ 6’ ಅಂತ ಇದ್ದಿದ್ದರೆ ತಿರುಗಿಸಿದ ತಕ್ಷಣ ಕೈ ಕೊಡುತ್ತಿತ್ತು: ನಾಗಸ್ವರ 7, ಮ್ಯಾಂಡೊಲಿನ್ 6 ಎರಡೂ ಒಟ್ಟಿಗೆ ಆರಾಮಾಗಿ ಇರಬಹುದಲ್ಲ. ಪುಸ್ತಕದ ಉತ್ತರಕ್ಕೆ ತಾಳೆ ಆಯಿತು ಅಂತ ತಪ್ಪು ಹೆಜ್ಜೆ ಉಳಿದುಬಿಡುವುದು ಇಂಥ ಕಡೆಯೇ. ನೀವು ಕೇಳಿದ್ದು ಒಳ್ಳೆಯದಾಯಿತು.

ಇದರಿಂದಲೇ ಇನ್ನೊಂದು ಎಳೆ ಸಿಗುತ್ತದೆ, ಮೇಲೆ ಹೇಳುವುದು ಬಿಟ್ಟುಹೋಗಿತ್ತು. 7ನೇ ದಿನ ನಾಗಸ್ವರ ಅಥವಾ ಮ್ಯಾಂಡೊಲಿನ್, ಬೇರೆ ಯಾರಿಗೂ ಜಾಗವಿಲ್ಲ. ‘ಕೊನೆಯ ದಿನ ಯಾವುದು ಬರಲಾರದು’ ಅಂದರೆ ಐದು ವಾದ್ಯಗಳ ಹೆಸರು ಕಣ್ಣುಮುಚ್ಚಿ ಹೇಳಬಹುದು.

---

ಹೊರಮನೆ

ಓದುವಾಗಲೇ ಆಗುವ ತಪ್ಪುಗಳ ಬಗ್ಗೆ ಯಾರೂ ಹೇಳಿಲ್ಲ. ಬಾಣ ಸರಿ ಹಾಕಿ, ಮನೆ ಸರಿ ಎಣಿಸಿ, ನಿಯಮವನ್ನೇ ತಪ್ಪು ನಕಲು ಮಾಡಿಕೊಂಡರೆ ಇಡೀ ಗೇಮ್ ಹೋಯಿತು, 5–7 ಪ್ರಶ್ನೆ ಒಟ್ಟಿಗೆ.

‘ಮೊದಲು’ ಬೇರೆ, ‘ಹಿಂದಿನ ದಿನವೇ’ ಬೇರೆ. ಇಂಗ್ಲಿಷಿನಲ್ಲಿ ಇಮ್ಮೀಡಿಯಟ್ಲಿ ಇದ್ದರೆ ಮಾತ್ರ ಡಬ್ಬಿ. ಬರೀ ಬಿಫೋರ್ ಇದ್ದರೆ ಚುಕ್ಕಿ ಸಾಲು. ‘ಇಬ್ಬರ ನಡುವೆ ಸರಿಯಾಗಿ ಎರಡು ಕಛೇರಿ’ ಅಂದರೆ ಮನೆಗಳ ವ್ಯತ್ಯಾಸ 3 (1 ಮತ್ತು 4), ಎರಡಲ್ಲ. ‘ಎರಡು ದಿನದ ನಂತರ’ ಅಂದರೆ ವ್ಯತ್ಯಾಸ 2. ನಾವು ‘ಇವತ್ತಿಗೆ ಮೂರನೇ ದಿನ’ ಅನ್ನುವಾಗ ಇವತ್ತನ್ನೂ ಸೇರಿಸಿ ಎಣಿಸುತ್ತೇವೆ, ಆ ರೂಢಿ ಇಲ್ಲಿ ಒಂದು ಮನೆ ಆಚೀಚೆ ಮಾಡಿಬಿಡುತ್ತದೆ. ಅಂತರದ ನಿಯಮ ಬಂದರೆ ಸಂಖ್ಯೆ ಬರೆಯಬೇಡಿ, ಖಾಲಿ ಮನೆಗಳನ್ನೇ ಎಳೆಯಿರಿ: ಗೋ _ _ ಮ್ಯಾ.

‘ಅಥವಾ’ ಅಂದರೆ ಎರಡೂ ಆಗಬಹುದು, ‘ಎರಡೂ ಅಲ್ಲ’ ಅಂತ ಸ್ಪಷ್ಟವಾಗಿ ಹೇಳದ ಹೊರತು. ಅಂಗಡಿಯಲ್ಲಿ ‘ಕಾಫಿ ಅಥವಾ ಟೀ’ ಅಂದಾಗಿನ ಅರ್ಥವನ್ನು ಇಲ್ಲಿಗೆ ತರಬೇಡಿ. ನಾಗಸ್ವರ 1 ಅಥವಾ 7 ಅನ್ನುವಲ್ಲಿ ಎರಡೂ ಆಗದಿರುವುದು ಅದಕ್ಕೆ ಒಂದೇ ಕಛೇರಿ ಇರುವುದರಿಂದ, ‘ಅಥವಾ’ದಿಂದಲ್ಲ. ಇನ್ನು ಪೀಠಿಕೆಯ ವಾಕ್ಯದಲ್ಲಿ ಅಡಗಿರುವ ನಿಯಮ: ‘ದಿನಕ್ಕೊಂದರಂತೆ’, ‘ಸರಿಯಾಗಿ ನಾಲ್ಕು’, ‘ಕನಿಷ್ಠ ಒಂದು’. ಅಂಕಿ ಹಾಕಿದ ನಿಯಮಗಳನ್ನು ಮಾತ್ರ ಬರೆದುಕೊಂಡರೆ ‘ಸರಿಯಾಗಿ ನಾಲ್ಕು’ ಬಿಟ್ಟುಹೋಗುತ್ತದೆ, ಆಮೇಲೆ ಹೊರಗಿನ ಮನೆ ಎಣಿಸುವುದು ಎಲ್ಲಿಂದ?

ಬರೆದಾದ ಮೇಲೆ 10 ಸೆಕೆಂಡು ಕೊಟ್ಟು ನಿಮ್ಮ ಚಿಹ್ನೆಗಳಿಂದ ವಾಪಸು ವಾಕ್ಯ ಓದಿಕೊಳ್ಳಿ, ಮೂಲದ ಜೊತೆ ತಾಳೆ ನೋಡಿ. ಇಡೀ ತಯಾರಿಯಲ್ಲಿ ಇದಕ್ಕಿಂತ ಅಗ್ಗದ ವಿಮೆ ಇಲ್ಲ.

---

ಗಡಿಯಾರದ ಮುಳ್ಳು

ಎಲ್‌ಸ್ಯಾಟ್‌ನಿಂದ ತೆಗೆದ ವಿಷಯ: ಹೌದು. 2024ರ ಜೂನ್ ಪರೀಕ್ಷೆಯೇ ಕೊನೆ, ಆಗಸ್ಟ್‌ನಿಂದ ಆ ಭಾಗದ ಜಾಗದಲ್ಲಿ ಇನ್ನೊಂದು ಲಾಜಿಕಲ್ ರೀಸನಿಂಗ್ ಭಾಗ ಬಂತು. ಈಗ ಅಂಕಕ್ಕೆ ಲೆಕ್ಕವಾಗುವುದು ಎರಡು ಲಾಜಿಕಲ್ ರೀಸನಿಂಗ್, ಒಂದು ರೀಡಿಂಗ್, ಜೊತೆಗೆ ಲೆಕ್ಕಕ್ಕಿಲ್ಲದ ಒಂದು ಭಾಗ. ಗೇಮ್‌ಗೆ ಬೆಲೆ ಇಲ್ಲ ಅಂತ ತೆಗೆದದ್ದಲ್ಲ. ಚಿತ್ರ ಎಳೆಯದೆ ಅವನ್ನು ಬಿಡಿಸುವುದು ಕಷ್ಟ, ದೃಷ್ಟಿಯಿಲ್ಲದ ಅಭ್ಯರ್ಥಿಗಳಿಗೆ ಅದು ಅನ್ಯಾಯ ಅನ್ನುವ ಮೊಕದ್ದಮೆ 2019ರಲ್ಲಿ ರಾಜಿಯಾಯಿತು, ಅದರ ಫಲ ಇದು. ಹಾಗಾಗಿ ಅಮೆರಿಕದ ಲಾ ಸ್ಕೂಲಿಗೆ ಎಲ್‌ಸ್ಯಾಟ್ ಬರೆಯುವವರು ಇದಕ್ಕೆ ಒಂದು ಗಂಟೆಯನ್ನೂ ಕೊಡಬೇಕಿಲ್ಲ. ಹಳೆಯ ಪುಸ್ತಕ ಕೈಗೆ ಸಿಕ್ಕಿದ್ದರಿಂದ ಗೇಮ್ ಅಧ್ಯಾಯ ಓದುತ್ತಾ ಕೂರುವವರು ಈಗಲೂ ಇದ್ದಾರೆ, ಅವರಿಗೆ ಹೇಳಿ.

ಐಲೆಟ್‌ಗೆ ಉಪಯೋಗವಿದೆ, ಒಂದು ತಿದ್ದುಪಡಿಯೊಂದಿಗೆ. 70ರಲ್ಲಿ ವಾದ, ಊಹೆ, ನಿರ್ಣಯದ ಪ್ರಶ್ನೆಗಳೂ ಇವೆ, ಎಲ್ಲವೂ ಒಗಟಲ್ಲ. ಬೆಂಗಳೂರಿನ ಕಾನೂನು ವಿಶ್ವವಿದ್ಯಾಲಯ ಎನ್‌ಎಲ್‌ಎಸ್‌ಐಯುಗಾಗಿ ಕ್ಲಾಟ್ (ಇತರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಕೂಡ ಬರೆಯುವವರಾದರೆ ಅಲ್ಲಿ ತರ್ಕದ ಪಾಲು 120ರಲ್ಲಿ 22ರಿಂದ 26 ಪ್ರಶ್ನೆ ಮಾತ್ರ, ಅದರ ಅಳತೆಗೆ ತಕ್ಕಷ್ಟೇ ಸಮಯ ಕೊಡಿ. ವಾರಕ್ಕೆ 6ರಿಂದ 8 ಗೇಮ್ ಸಾಕು. ಸಾಲಿನದು ಅರ್ಧ, ಗುಂಪಿನದು ಅರ್ಧ, ವೃತ್ತಾಕಾರದ್ದು ಅಪರೂಪಕ್ಕೊಂದು. ‘ಈ ನಿಯಮದ ಬದಲು ಯಾವುದನ್ನು ಇಟ್ಟರೆ ಪರಿಣಾಮ ಅದೇ’ ಅನ್ನುವ ಪ್ರಶ್ನೆಗಳನ್ನು ಬಿಟ್ಟುಬಿಡಿ, ಅವು ಎಲ್‌ಸ್ಯಾಟ್‌ನ ಖಯಾಲಿ, 2 ನಿಮಿಷ ನುಂಗುತ್ತವೆ.

ಮಾಡಿದ ಗೇಮನ್ನೇ ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ಮತ್ತೆ ಮಾಡಿ. ಉತ್ತರ ನೆನಪಿದ್ದರೂ ಪರವಾಗಿಲ್ಲ, ನೋಡಬೇಕಾದ್ದು ಚಿತ್ರ 3 ನಿಮಿಷದೊಳಗೆ ಮುಗಿಯಿತೇ ಅಂತ. ತಪ್ಪಿದ ಪ್ರಶ್ನೆಯ ಪಕ್ಕ ಕಾರಣ ಒಂದೇ ಪದದಲ್ಲಿ ಬರೆಯಿರಿ: ನಕಲು, ಬಾಣ, ಎಣಿಕೆ, ಪ್ರಶ್ನೆ. 20 ಗೇಮ್ ಆದ ಮೇಲೆ ಯಾವ ಪದ ಹೆಚ್ಚು ಬಂದಿದೆಯೋ ಆ ಪಟ್ಟಿಯನ್ನು ಇಲ್ಲೇ ಹಾಕಿ, ಅಲ್ಲಿಂದ ಮುಂದೆ ನೋಡೋಣ.